ಅಕ್ಕನಿಗೆ ಬರೆದ ಸಿನಿಮಾಗಳು

ಮಾರ್ಚ್ 3, ಭಾನುವಾರ

ಅಕ್ಕಾ,

ನೀನು ಹೇಳಿದ ಸಿನಿಮಾ ನೋಡ್ಕೊಂಡು ಬಂದೆ. ಫೋನಲ್ಲಿ ಬೇಡ, ಕೂತು ಬರಿ ಅಂದಿದ್ಯಲ್ಲ, ಬರೀತಾ ಇದ್ದೀನಿ. ಒಂಬತ್ತನೇ ಕ್ಲಾಸಿಗೇ ಪೆನ್ನು ಕೆಳಗಿಟ್ಟೋಳು ನಾನು. ತಪ್ಪಿದ್ರೆ ನುಂಗ್ಕೋ.

ಮೊದಲೇ ಹೇಳ್ಬಿಡ್ತೀನಿ, ನಾನು ಹೋಗೋದು ಸಿನಿಮಾಕ್ಕಲ್ಲ, ತಂಪಿಗೆ. ಆರು ದಿನ ಆಸ್ಪತ್ರೆ ಲಾಂಡ್ರಿಯಲ್ಲಿ ಬಿಸಿ ರೋಲರ್ ಮುಂದೆ ನಿಂತು ಬೇಯೋಳಿಗೆ ಆ ಎಸಿ ಹಾಲಲ್ಲಿ ಏನು ತೋರಿಸಿದ್ರೂ ನಡೆಯುತ್ತೆ. ಬರೀ ಬಿಳೀ ಪರದೆ ತೋರಿಸಿದ್ರೂ ಕೂತಿರ್ತೀನಿ. ಭಾನುವಾರ ಮಧ್ಯಾಹ್ನ ಮೇಲಿನ ಮನೆ ದೊಡ್ಡಮ್ಮ ಕೆಳಗಿಳಿದು ಬಂದು ಅಪ್ಪನ ಹತ್ರ ಮೂರು ಗಂಟೆ ಕೂರ್ತಾರೆ. ಮೂರು ಅಂದ್ರೆ ಮೂರೇ. ಅದ್ರ ಮೇಲೆ ಐದು ನಿಮಿಷ ಆದ್ರೂ ಅವರ ಮುಖ ಊದ್ಕೊಂಡಿರುತ್ತೆ. ಅದಕ್ಕೇ ಸಿನಿಮಾ ಉದ್ದ ಆದ್ರೆ ಕೊನೆ ಫೈಟಿಂಗ್ ಬಿಟ್ಟು ಓಡಿ ಬರ್ತೀನಿ. ಏನೂ ನಷ್ಟ ಇಲ್ಲ. ಯಾರು ಗೆಲ್ತಾರೆ ಅಂತ ಪೋಸ್ಟರಲ್ಲೇ ಇರುತ್ತೆ.

ಈ ಲಾಯರ್ ಸಿನಿಮಾ. ಹೀರೋ ಕಡುಬಡವನಂತೆ. ಒಂದೇ ಕೋಣೆ, ಗೋಡೆ ಬಿರುಕು ಬಿಟ್ಟಿದೆ, ಮೇಲಿಂದ ನೀರು ತೊಟ್ಟಿಕ್ಕುತ್ತೆ. ಆದ್ರೆ ಅವನ ಅಂಗಿ ನೋಡ್ಬೇಕು ನೀನು. ತೋಳಿನ ಮೇಲೆ ಇಸ್ತ್ರಿ ಗೆರೆ ಎಷ್ಟು ಹರಿತ ಅಂದ್ರೆ ಅದ್ರಲ್ಲೇ ತರಕಾರಿ ಹೆಚ್ಚಬಹುದು. ದಿನಕ್ಕೆ ನಾನೂರು ಬೆಡ್‌ಶೀಟ್ ಇಸ್ತ್ರಿ ಮಾಡೋಳು ನಾನು, ನನ್ನ ಬಟ್ಟೆಗೇ ಅಂಥ ಗೆರೆ ಇಲ್ಲ. ಅವನಿಗೆ ಯಾರು ಮಾಡ್ಕೊಡ್ತಾರೆ? ಮನೇಲಿ ಅಮ್ಮ ಇಲ್ಲ, ತಂಗಿ ಇಲ್ಲ, ಇಸ್ತ್ರಿ ಪೆಟ್ಟಿಗೆನೂ ಇಲ್ಲ. ಅವನ ಬಡತನ ಗೋಡೆಗೆ ಮಾತ್ರ ಬಂದಿದೆ.

ಆಮೇಲೆ ಕೋರ್ಟಲ್ಲಿ ಹತ್ತು ನಿಮಿಷ ಭಾಷಣ. ಜಡ್ಜು ಕಣ್ಣು ಒರೆಸ್ಕೋತಾರೆ. ಅಪ್ಪನ ಅಂಗವಿಕಲ ಸರ್ಟಿಫಿಕೇಟಿಗೆ ನಾನು ನಾಲ್ಕು ಸಲ ಆಫೀಸಿಗೆ ಅಲೆದೆ. ಅಲ್ಲಿನ ಗುಮಾಸ್ತ ಕಣ್ಣು ಒರೆಸ್ಕೊಂಡಿದ್ದು ಒಂದೇ ಸಲ, ಅದೂ ನಿದ್ದೆ ತಡೀಲಾರದೆ.

ಹಾಲ್ ಮಾತ್ರ ಚೆನ್ನಾಗಿತ್ತು. ತಂಪು.

ನೀನು ಯಾವಾಗ ಬರ್ತೀಯ? ಅಪ್ಪ ಬಿದ್ದು ಎರಡು ವರ್ಷ ಆಯ್ತು. ಆಸ್ಪತ್ರೆಗೆ ಒಂದು ದಿನ ಬಂದು ಹೋದೋಳು ನೀನು. ಮನೇಲಿ ಅವರು ಹೇಗೆ ಮಲಗಿದ್ದಾರೆ ಅಂತ ನೀನು ನೋಡೇ ಇಲ್ಲ.

ನಿನ್ನ ತಂಗಿ,
ಮೆಣಸು

—

ಮಾರ್ಚ್ 12

ನನ್ನ ಮೆಣಸೇ,

ನಿನ್ನ ಕಾಗದ ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ‘ಬಡತನ ಗೋಡೆಗೆ ಮಾತ್ರ ಬಂದಿದೆ’ ಎಂಬ ಮಾತು ನನಗೆ ಹತ್ತು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ. ನೀನು ಶಾಲೆ ಬಿಟ್ಟೆಯೇ ಹೊರತು ಬುದ್ಧಿ ನಿನ್ನನ್ನು ಬಿಟ್ಟಿಲ್ಲ.

ಹೀಗೇ ಬರೆಯುತ್ತಿರು. ಏನನ್ನೂ ಸೋಸಬೇಡ, ಬೈಗುಳವಿದ್ದರೂ ಇರಲಿ. ಈ ತಿಂಗಳ ಕೊನೆಗೆ ಬರುವ ಲಾರಿ ಡ್ರೈವರನ ಸಿನಿಮಾ ತಪ್ಪದೆ ನೋಡು. ಅದರಲ್ಲಿ ಅಪ್ಪ–ಮಗಳ ಕಥೆಯಿದೆಯಂತೆ. ಮನೆಯ ವಿಷಯವನ್ನೂ ಬರೆ, ನಮ್ಮ ಅಪ್ಪನ ಬಗ್ಗೆಯೂ ಬರೆ. ದೂರ ಇರುವವಳಿಗೆ ಅಷ್ಟಾದರೂ ಸಿಗಲಿ.

ಈಗ ಬರಲಾಗುವುದಿಲ್ಲ. ಪತ್ರಿಕೆಯಲ್ಲಿ ಇಷ್ಟು ದಿನ ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸ ಮಾತ್ರ ಇತ್ತು. ಈಗ ಇನ್ನೊಂದು ಹೊಸ ಜವಾಬ್ದಾರಿ ವಹಿಸಿದ್ದಾರೆ. ಮೊದಲ ಆರು ತಿಂಗಳು ಗಟ್ಟಿಯಾಗಿ ನಿಲ್ಲಬೇಕು. ಅಪ್ಪನಿಗೆ ನಾನು ಕೇಳಿದೆನೆಂದು ಹೇಳು.

ಪ್ರೀತಿಯಿಂದ,
ಅಕ್ಕ

—

ಮಾರ್ಚ್ 31, ಭಾನುವಾರ

ಅಕ್ಕಾ,

ನೀನು ಕೇಳಿದೆ ಅಂತ ಹೇಳಿದೆ. ಅಪ್ಪ ಸುಮ್ನೆ ಸೂರು ನೋಡಿದ್ರು.

ಲಾರಿ ಸಿನಿಮಾ ನೋಡಿದೆ. ಲಾಂಡ್ರಿಯಲ್ಲಿ ಬಾಯ್ಲರ್ ನೋಡ್ಕೊಳ್ಳೋ ತಾತ ಇದ್ದಾರಲ್ಲ, ಅವರು ನನಗಿಂತ ಮುಂಚೆ ನೋಡ್ಕೊಂಡು ಬಂದಿದ್ರು. "ಮೂರು ಸಲ ಅತ್ತೆ ಕಣೇ" ಅಂದ್ರು. "ನೀವು ಬಾಯ್ಲರ್ ಹೊಗೆಗೂ ಅಳ್ತೀರ ತಾತ" ಅಂದೆ. "ನಿನ್ನ ಎದೇಲಿ ಇರೋದು ಹೃದಯ ಅಲ್ಲ, ಇಸ್ತ್ರಿ ಪೆಟ್ಟಿಗೆ" ಅಂದ್ರು. ಇರ್ಬಹುದು. ಕಾದಿರೋದಂತೂ ನಿಜ.

ಅದ್ರಲ್ಲಿ ಅಪ್ಪ ಸಾಯ್ತಾನೆ. ಎರಡು ನಿಮಿಷ ತಗೋತಾನೆ. ಆ ಎರಡು ನಿಮಿಷದಲ್ಲಿ ಮಗಳ ಕೈ ಹಿಡಿದು, ತನ್ನ ತಮ್ಮನನ್ನ ಕ್ಷಮಿಸಿ, ಅಮ್ಮನ ಒಡವೆ ಎಲ್ಲಿದೆ ಅಂತ ಹೇಳಿ, ಒಂದು ಸಲ ನಕ್ಕು, ಕುತ್ತಿಗೆ ಈ ಕಡೆ ವಾಲಿಸ್ತಾನೆ. ತಲೆಗೂದಲು ಕೂಡ ಕೆದರಿಲ್ಲ. ಹಾಸಿಗೆ ಬಟ್ಟೆ ನೋಡಿದೆ, ಒಂದು ಕಲೆ ಇಲ್ಲ. ನಮಗೆ ವಾರ್ಡಿಂದ ಬರೋ ಬಟ್ಟೆ ಮೂಟೆ ಬಿಚ್ಚಿ ನೋಡ್ಲಿ ಆ ಡೈರೆಕ್ಟರು, ಸಾವು ಅಂದ್ರೇನು ಅಂತ ಮೂಗಿಗೇ ಗೊತ್ತಾಗುತ್ತೆ.

ನಮ್ಮಪ್ಪ ಎರಡು ವರ್ಷದಿಂದ ಒಂದಕ್ಷರ ಮಾತಾಡಿಲ್ಲ. ಬಲಗಡೆ ಪೂರ್ತಿ ಹೋಗಿದೆ. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸ್ಬೇಕು, ಇಲ್ಲಾಂದ್ರೆ ಬೆನ್ನಲ್ಲಿ ಹುಣ್ಣಾಗುತ್ತೆ. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ. ಎತ್ತಬಾರದು, ಉರುಳಿಸ್ಬೇಕು. ಮಧ್ಯಾಹ್ನ ಊಟದ ಹೊತ್ತಲ್ಲಿ ನಾನು ಲಾಂಡ್ರಿಯಿಂದ ಓಡಿ ಬರ್ತೀನಿ, ಮಿಕ್ಕ ಹಗಲು ದೊಡ್ಡಮ್ಮನೇ ಹತ್ತಿ ಇಳಿದು ಮಾಡ್ತಾರೆ. ಗೋಡೆ ಕಡೆ ತಿರುಗಿಸಿದಾಗ ಮಾತ್ರ ಅಪ್ಪ ಅಳ್ತಾರೆ. ನನಗೆ ಮುಖ ಕಾಣಲ್ಲ ಅಂತ ಗೊತ್ತಲ್ಲ. ಭುಜ ಅಲುಗೋದ್ರಲ್ಲಿ ಗೊತ್ತಾಗುತ್ತೆ. ನಾನೂ ಗೊತ್ತಾಗದೋಳ ಥರ ಬೆನ್ನಿಗೆ ಪೌಡರ್ ಹಾಕ್ತೀನಿ. ಇದನ್ನ ಯಾರೂ ಸಿನಿಮಾ ತೆಗೆಯಲ್ಲ. ಟಿಕೆಟ್ ತಗೊಂಡು ಬಂದು ಯಾರು ಬೆನ್ನು ನೋಡ್ತಾರೆ?

ಬರಿ ಅಂದೆ ಅಂತ ಬರೆದೆ. ಇನ್ನೊಂದು ಸಲ ಕೇಳ್ಬೇಡ, ಬಂದು ನೋಡು.

ಮೆಣಸು

—

ಏಪ್ರಿಲ್ 16

ಮೆಣಸೇ,

ಎರಡು ಸಾಲು ಮಾತ್ರ, ಕೆಲಸ ತಲೆಯ ಮೇಲಿದೆ. ನಿನ್ನ ಹಿಂದಿನ ಕಾಗದವನ್ನು ಮೂರು ಸಲ ಓದಿದೆ. ಎಂಥ ಕಾಗದ. ಮುಂದಿನ ತಿಂಗಳ ಮೊದಲ ವಾರ ಗಡ್ಡದ ಹೀರೋನ ಪ್ರೇಮಕಥೆ ಬರುತ್ತದೆ, ಫೋಟೋಗ್ರಾಫರ್ ಮತ್ತು ನರ್ಸ್. ಅದನ್ನು ನೋಡಿದ ಕೂಡಲೇ ಬರೆ. ಅವತ್ತೇ ಅಂಚೆಗೆ ಹಾಕು.

ಊರಿಗೆ ಬರುವ ವಿಚಾರ ಜೂನ್ ಕಳೆದ ಮೇಲೆ ನೋಡೋಣ.

ಅಕ್ಕ

—

ಮೇ 5, ಭಾನುವಾರ

ಅಕ್ಕಾ,

ಇವತ್ತು ಬೈಯೋಕೆ ಏನೂ ಇಲ್ಲ. ನೀನು ಕುರ್ಚಿ ಹಿಡ್ಕೊಂಡು ಕೂತ್ಕೋ. ಸಿನಿಮಾ ಚೆನ್ನಾಗಿತ್ತು.

ಮೊದಲ ಅರ್ಧ ಮಾಮೂಲಿ. ಗಡ್ಡದೋನು ಮದುವೆ ಮನೆ ಫೋಟೋ ತೆಗೀತಾನೆ. ನರ್ಸ್ ಹಿಂದೆ ಬೀಳ್ತಾನೆ. ಬಾಯಿ ಬಿಡೋಕೆ ಧೈರ್ಯ ಇಲ್ಲ, ಬಾಲ ಮುದುರಿದ ನಾಯಿ. ಕೊನೆಗೆ ಅವಳೇ, "ಶುಕ್ರವಾರ ಬಂದು ನಮ್ಮಪ್ಪನ ಹತ್ರ ಮಾತಾಡು, ನಾನು ಕಾಯ್ತೀನಿ" ಅಂತಾಳೆ. ಇಂಟರ್ವಲ್. ನಾನು ಮುಖ ತೊಳ್ಕೊಂಡು ಬರೋಷ್ಟರಲ್ಲಿ ಶುರು ಆಗ್ಬಿಟ್ಟಿತ್ತು, ಕತ್ತಲಲ್ಲಿ ತಡಕಾಡಿ ಸಿಕ್ಕ ಸೀಟಲ್ಲಿ ಕೂತೆ.

ನೋಡ್ತೀನಿ, ಡೈರೆಕ್ಟರು ಹತ್ತು ವರ್ಷ ಹಾರಿಸ್ಬಿಟ್ಟಿದ್ದಾನೆ. ಗಡ್ಡದೋನು ಈಗ ಯಾವುದೋ ಬಂದರಲ್ಲಿ ದೊಡ್ಡ ಆಫೀಸರು. ಬೇರೆ ಹೆಂಡ್ತಿ, ಒಂದು ಹುಡುಗಿ, ದೊಡ್ಡ ಮನೆ. ಸ್ವಲ್ಪ ದಪ್ಪ ಆಗಿದ್ದಾನೆ, ದನಿನೂ ಬದಲಾಗಿದೆ. ಕ್ಯಾಮೆರಾ ಮುಟ್ಟೋದಿಲ್ಲ. ಕಳ್ಳಸಾಗಣೆಯೋರ ಜೊತೆ ಹೊಡೆದಾಡ್ತಾನೆ. ಆ ನರ್ಸ್ ಹೆಸರನ್ನ ಒಂದೇ ಒಂದು ಸಲ, ಬಾಯಿತಪ್ಪಿ ಕೂಡ ಎತ್ತಲ್ಲ. ಶುಕ್ರವಾರ ಏನಾಯ್ತು, ಹೋದ್ನಾ ಇಲ್ವಾ, ಅವಳು ಏನಾದಳು, ಒಂದೂ ಇಲ್ಲ.

ಪಕ್ಕದ ಸೀಟಿನೋಳನ್ನ ಕೇಳಿದೆ, "ನರ್ಸ್ ಏನಾದಳು?" ಅವಳು ನನ್ನ ಹುಚ್ಚೀನ ನೋಡಿದ ಹಾಗೆ ನೋಡಿ, "ಯಾವ ನರ್ಸ್?" ಅಂದ್ಲು. ನೋಡಿದ್ಯಾ, ನೋಡೋರೂ ಮರೆತಿದ್ದಾರೆ.

ಅಕ್ಕಾ, ನಾನು ನೋಡಿದ ಸಿನಿಮಾಗಳಲ್ಲಿ ನಿಜ ಅಂತ ಇರೋದು ಇದೊಂದೇ. ಜನ ಬದಲಾಗೋದು ಹೀಗೇ ಅಲ್ವಾ? ಇಂಟರ್ವಲ್ಲಲ್ಲಿ. ನಾವು ಮುಖ ತೊಳ್ಕೊಂಡು ಬರೋಷ್ಟರಲ್ಲಿ. ಜಗಳ ಆಡಿ ಹೋದ್ರೆ ಜಗಳನಾದ್ರೂ ಉಳಿಯುತ್ತೆ. ಇವರು ಏನೂ ಆಗಿಲ್ಲ ಅನ್ನೋ ಹಾಗೆ ಬೇರೆ ಮನೇಲಿ ಇರ್ತಾರೆ. ನರ್ಸ್ ಮಾತ್ರ ಅದೇ ಆಸ್ಪತ್ರೇಲಿ ಅದೇ ಡ್ಯೂಟಿ ಮಾಡ್ತಾ ಇರ್ತಾಳೆ, ಅವಳನ್ನ ತೋರಿಸೋ ಅಗತ್ಯ ಡೈರೆಕ್ಟರಿಗೆ ಇಲ್ಲ. ಅವಳಿಗೆ ಪ್ರತಿ ವಾರನೂ ಶುಕ್ರವಾರ ಬರುತ್ತೆ.

ನೀನು ಹೇಳಿದ ಹಾಗೆ ಇವತ್ತೇ ಅಂಚೆ ಡಬ್ಬಕ್ಕೆ ಹಾಕ್ತೀನಿ.

ಮೆಣಸು

—

ಮೇ 20

ನೀನು ಏನು ಮಾಡಿದ್ದೀಯ ಎಂದು ನಿನಗೆ ಗೊತ್ತಿದೆಯೇ?

ನೀನು ನೋಡಿದ್ದು ಒಂದು ಸಿನಿಮಾ ಅಲ್ಲ, ಎರಡು. ನಿಮ್ಮ ಚಿತ್ರಮಂದಿರದಲ್ಲಿ ಅಕ್ಕಪಕ್ಕ ಮೂರು ಹಾಲ್‌ಗಳಿವೆ. ಇಂಟರ್ವಲ್ ಆದ ಮೇಲೆ ನೀನು ಬೇರೆ ಬಾಗಿಲಿನಿಂದ ಒಳಗೆ ಹೋಗಿದ್ದೀಯ. ಅಲ್ಲಿ ಓಡುತ್ತಿದ್ದದ್ದು ಇನ್ನೊಂದು ಸಿನಿಮಾ, ಅದರ ಹೀರೋ ಕೂಡ ಇನ್ನೊಬ್ಬ. ಇಬ್ಬರಿಗೂ ಗಡ್ಡವಿದೆ ಎಂಬುದು ಬಿಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಎರಡನೆಯ ಹೆಂಡತಿಯೂ ಇಲ್ಲ, ಹತ್ತು ವರ್ಷವೂ ಇಲ್ಲ. ಫೋಟೋಗ್ರಾಫರ್ ಶುಕ್ರವಾರ ಹೋಗುತ್ತಾನೆ, ಮದುವೆಯಾಗುತ್ತಾನೆ, ಕಥೆ ಮುಗಿಯುತ್ತದೆ.

ನಾನು ಅದನ್ನು ಹೋದ ಶುಕ್ರವಾರ ನನ್ನ ಅಂಕಣದಲ್ಲಿ ಹಾಗೆಯೇ ಹಾಕಿದೆ. ‘ಇಂಟರ್ವಲ್ಲಿನಲ್ಲಿ ಬದಲಾಗುವ ಮನುಷ್ಯ’ ಎಂದು ತಲೆಬರಹ ಕೊಟ್ಟೆ. ಎರಡು ದಿನದಲ್ಲಿ ನೂರಕ್ಕೂ ಹೆಚ್ಚು ಕಾಗದಗಳು ಬಂದಿವೆ, ಎಲ್ಲರೂ ನಗುತ್ತಿದ್ದಾರೆ. ಆ ನಿರ್ದೇಶಕ ಫೋನ್ ಮಾಡಿ, ನನ್ನ ಸಿನಿಮಾಕ್ಕೆ ಎರಡನೇ ಅರ್ಧ ಬರೆದುಕೊಟ್ಟಿದ್ದಕ್ಕೆ ಧನ್ಯವಾದ ಎಂದನಂತೆ. ಸಂಪಾದಕರು ಎಲ್ಲರೆದುರಿಗೆ, "ಏನಮ್ಮ, ಸಿನಿಮಾ ನೋಡದೇ ಬರೀತೀಯಾ?" ಎಂದು ಕೇಳಿದರು. ಎರಡು ತಿಂಗಳಲ್ಲಿ ಎಷ್ಟು ಕಷ್ಟಪಟ್ಟು ಹೆಸರು ಮಾಡಿದ್ದೆ.

ಒಂದು ಬಾಗಿಲು ನೋಡಿಕೊಂಡು ಹೋಗಲು ಆಗುವುದಿಲ್ಲವೇ ನಿನಗೆ?

ಅಕ್ಕ

—

ಮೇ 23

ಅಕ್ಕಾ,

ಯಾವ ಅಂಕಣ?

—

ಜೂನ್ 2, ಭಾನುವಾರ

ಅಕ್ಕಾ,

ನಿನ್ನ ಉತ್ತರ ಬರ್ಲಿಲ್ಲ. ಬೇಡ ಬಿಡು. ಬಾಯ್ಲರ್ ತಾತ ನಿಮ್ಮ ಪೇಪರ್ ತರಿಸ್ತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಓದಿ ಆದ ಮೇಲೆ ಕಲ್ಲಿದ್ದಲ ಗೋಣಿಚೀಲದ ಮೇಲೆ ಹಾಸ್ಕೊಂಡು ಕೂರ್ತಾರೆ. "ತಾತ, ಶುಕ್ರವಾರದ್ದೆಲ್ಲ ಬೇಕು" ಅಂದೆ. "ಯಾಕೆ, ನಿನ್ನ ಮದುವೆ ಜಾಹೀರಾತು ಹಾಕ್ಸಿದ್ಯಾ?" ಅಂದ್ರು. ಎದ್ದು ನಿಂತ್ರು. ಅವರ ಕುಂಡಿ ಕೆಳಗೇ ಇದ್ದೆ ಅಕ್ಕಾ ನೀನು. ‘ಸಾಮಾನ್ಯ ಪ್ರೇಕ್ಷಕಿ’. ಮೇಲೆ ನಿನ್ನ ಫೋಟೋ, ಕೈ ಗಲ್ಲದ ಮೇಲೆ.

ಏಳು ಸಿಕ್ಕಿತು, ಅದ್ರಲ್ಲಿ ಮೂರು ನನ್ನ ಕಾಗದದ್ದು. ಲಾಯರ್ ಇದ್ದಾನೆ, ಅಂಗಿ ಇದೆ, ಗೋಡೆ ಇದೆ. ನನ್ನ ‘ತರಕಾರಿ ಹೆಚ್ಚಬಹುದು’ ಅನ್ನೋದನ್ನ ನೀನು ‘ಹಣ್ಣು ಕತ್ತರಿಸಬಹುದು’ ಅಂತ ಮಾಡಿದ್ದೀಯ. ಯಾಕೆ, ನಿಮ್ಮ ಆಫೀಸಲ್ಲಿ ತರಕಾರಿ ತಿನ್ನಲ್ವಾ? ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮ್ಮನೇಲಿ ಕೈ ನಂದು, ಬಾಯಿ ನಿಂದು.

ಅಕ್ಕಾ, ಅಷ್ಟೇ ಆಗಿದ್ರೆ ಎರಡು ಬೈದು ಬಿಟ್ಟುಬಿಡ್ತಿದ್ದೆ. ನನ್ನ ಮಾತು ನನಗೇನು, ನೂರು ಇದೆ, ಇಟ್ಕೋ. ಲಾಂಡ್ರಿಯಲ್ಲಿ ದಿನಾ ಪುಕ್ಕಟೆ ಹಂಚ್ತೀನಿ. ತಪ್ಪು ಬಾಗಿಲಿಗೆ ಹೋದದ್ದೂ ನಾನೇ, ಒಪ್ಕೋತೀನಿ. ಹಾಗೆ ಅಂದ್ರೆ, ಸಿನಿಮಾ ಹೆಸರಲ್ಲಿ ಅಂಕಣ ಬರೆಯೋಳಿಗೆ ಆ ಸಿನಿಮಾ ನೋಡೋಕೆ ಆಗ್ಲಿಲ್ವಾ ಅಂತ ನಾನೂ ಕೇಳ್ಬಹುದು.

ಆದ್ರೆ ಏಪ್ರಿಲ್ 12ರದ್ದು. ಲಾರಿ ಸಿನಿಮಾ. ನೀನು ಬರೆದದ್ದನ್ನ ಇಲ್ಲಿ ನೋಡಿ ನೋಡಿ ಇಳಿಸ್ತಾ ಇದ್ದೀನಿ, ಒಂದಕ್ಷರ ಬಿಡದೆ:

‘ನನ್ನ ತಂದೆ ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಎರಡು ಗಂಟೆಗೊಮ್ಮೆ ನಾನು ಅವರ ಮಗ್ಗುಲು ಬದಲಾಯಿಸುತ್ತೇನೆ. ಅವರನ್ನು ಗೋಡೆಯ ಕಡೆ ಹೊರಳಿಸಿದಾಗ ಅವರು ಅಳುವುದನ್ನು ನಾನು ಭುಜಗಳಿಂದ ತಿಳಿಯುತ್ತೇನೆ. ನಾನು ತಿಳಿಯದವಳಂತೆ ಅವರ ಬೆನ್ನಿಗೆ ಪೌಡರ್ ಹಚ್ಚುತ್ತೇನೆ.’

ನಾನು. ನಾನು. ನಾನು. ಮೂರು ಸಲ ಬರೆದಿದ್ದೀಯ. ನಿನಗೆ ಪೌಡರ್ ಡಬ್ಬದ ಬಣ್ಣ ಗೊತ್ತಾ?

ಸಿಟ್ಟಲ್ಲಿ ಏನು ಮಾಡಿದೆ ಅಂತ ಹೇಳ್ತೀನಿ ಕೇಳು. ನೇರ ಮನೆಗೆ ಬಂದು ಅಪ್ಪನ ಮುಂದೆ ಪೇಪರ್ ಹಿಡಿದೆ. "ನೋಡಿ, ನಿಮ್ಮ ದೊಡ್ಡ ಮಗಳು ಏನು ಬರೆದಿದ್ದಾಳೆ" ಅಂದೆ. ಗಟ್ಟಿಯಾಗಿ ಓದಿದೆ. ಮೂವತ್ತು ವರ್ಷ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸಿದೋರಲ್ವಾ, ಅವರಿಗೂ ಸಿಟ್ಟು ಬರುತ್ತೆ ಅಂದ್ಕೊಂಡೆ. ಪ್ರೂಫಲ್ಲಿ ಒಂದು ಒತ್ತು ತಪ್ಪಿದ್ರೆ ಊಟ ಬಿಡ್ತಿದ್ದ ಮನುಷ್ಯ.

ಅವರು ಎಡಗೈ ಚಾಚಿ ಪೇಪರ್ ಕಿತ್ಕೊಂಡ್ರು. ನಿನ್ನ ಫೋಟೋ ಮೇಲೆ ಬೆರಳಿಟ್ರು. ಆಮೇಲೆ ಅಕ್ಷರದ ಮೇಲೆ, ಒಂದೊಂದೇ ಸಾಲು. ನಕ್ಕರು ಅಕ್ಕಾ. ಅರ್ಧ ಮುಖದಲ್ಲಿ. ಕಣ್ಣಲ್ಲಿ ನೀರು, ಗೋಡೆ ಕಡೆ ತಿರುಗದೇ, ನನ್ನ ಎದುರಿಗೇ. "ಅಪ್ಪಾ, ಇದು ಸುಳ್ಳು, ಇದೆಲ್ಲ ಮಾಡ್ತಿರೋದು ನಾನು" ಅಂದೆ. ಅವರು ಬೆರಳಲ್ಲಿ ಅಕ್ಷರನ ಎರಡು ಸಲ ತಟ್ಟಿದ್ರು. ಅಚ್ಚಾಗಿದೆಯಲ್ಲ ಅನ್ನೋ ಹಾಗೆ.

ಡಾಕ್ಟರು ಹೇಳಿದ್ರು, ಇವರಿಗೆ ಒಂದೊಂದು ಸಲ ಜನ ಕಲಸಿಹೋಗ್ತಾರೆ ಅಂತ. ಇಷ್ಟು ದಿನ ನನ್ನ ವಿಷಯದಲ್ಲಿ ಹಾಗೆ ಆಗಿರ್ಲಿಲ್ಲ. ಮಾರನೇ ದಿನ ತಿರುಗಿಸ್ತಾ ಇದ್ದೆ, ಬಾಯಿ ಏನೋ ಒದ್ದಾಡ್ತು. ಕಿವಿ ಕೊಟ್ಟೆ. "ದೊ" ಅಂದ್ರು. ದೊಡ್ಡೋಳೇ ಅಂತ ನಿನ್ನ ಕರೀತಿದ್ರಲ್ಲ, ಅದು. ಎರಡು ವರ್ಷದಲ್ಲಿ ಅವರ ಬಾಯಿಂದ ಬಿದ್ದ ಮೊದಲ ಅಕ್ಷರ. ಈಗ ಪ್ರತಿ ಸಲ ತಿರುಗಿಸಿದಾಗ್ಲೂ ದೊ, ದೊ. ದೊಡ್ಡಮ್ಮ "ನೋಡೇ, ಮಾತು ಬಂತು" ಅಂತ ಕಣ್ಣೀರು ಹಾಕಿದ್ರು. ನಾನೂ ತಲೆ ಆಡಿಸಿದೆ.

ಈಗ ಕೇಳು. ನಾನು ನಿನ್ನ ಸಂಪಾದಕರಿಗೆ ಏನೂ ಹೇಳಲ್ಲ. ನೀನು ಬಾ. ಹದಿನೈದು ದಿನ ರಜ ಹಾಕಿ ಬಾ. ಎರಡು ಗಂಟೆಗೊಂದು ಸಲ ನೀನೇ ತಿರುಗಿಸು, ಹೇಗೆ ಅಂತ ಹೇಳ್ಕೊಡ್ತೀನಿ. ಹದಿನೈದು ದಿನ ಮಾಡಿದ್ರೆ ನೀನು ಬರೆದದ್ದು ಅಷ್ಟರ ಮಟ್ಟಿಗೆ ನಿಜ ಆಗುತ್ತೆ. ಅಪ್ಪ "ದೊ" ಅಂದಾಗ ಅಲ್ಲಿ ನೀನೇ ಇರ್ತೀಯ. ನಾನು ಆ ಹದಿನೈದು ದಿನ ಒಂದು ಮಾತೂ ಆಡಲ್ಲ, ಬೇಕಿದ್ರೆ ದೊಡ್ಡಮ್ಮನ ಮನೇಲಿ ಮಲಗ್ತೀನಿ.

ಇದಕ್ಕಿಂತ ಕಡಿಮೆಗೆ ನಾನು ಒಪ್ಪಲ್ಲ.

ತಂಗಿ

—

ಜೂನ್ 14

ಪ್ರೀತಿಯ ಮೆಣಸು,

ನಿನ್ನ ಕಾಗದವನ್ನು ಒಂದೇ ಸಲ ಓದಿದೆ. ಎರಡನೇ ಸಲ ಬಿಡಿಸಲು ಕೈ ಬರಲಿಲ್ಲ.

ಹೇಳಬೇಕಿತ್ತು, ತಪ್ಪಾಯಿತು. ಮೊದಲ ವಾರ ಅಂಕಣ ಕೊಟ್ಟಾಗ ನಾನೇ ಸಿನಿಮಾಕ್ಕೆ ಹೋದೆ. ಹೊರಗೆ ಬಂದು ಬರೆಯಲು ಕೂತರೆ ಬೇರೆಯವರ ಲೇಖನಗಳಲ್ಲಿ ತಿದ್ದಿ ತಿದ್ದಿ ಸವೆದ ಮಾತುಗಳೇ ಬಂದವು. ‘ಮನಮುಟ್ಟುವ ಅಭಿನಯ’, ‘ನಿರೂಪಣೆ ಬಿಗಿಯಾಗಬೇಕಿತ್ತು’. ಇಷ್ಟವಾಯಿತೋ ಇಲ್ಲವೋ ಎಂದು ನನಗೇ ಗೊತ್ತಾಗಲಿಲ್ಲ. ಅದೇ ಹೊತ್ತಿಗೆ ನಿನ್ನ ಕಾಗದ ಬಂತು. ಒಂದು ವಾರಕ್ಕೆಂದು ತೆಗೆದುಕೊಂಡೆ. ಅದು ಎಲ್ಲರಿಗೂ ಹಿಡಿಸಿತು. ಆಮೇಲೆ ನಿಲ್ಲಿಸಲಾಗಲಿಲ್ಲ.

ಅಪ್ಪನ ವಿಷಯ. ಮೊದಲು ‘ನನ್ನ ತಂಗಿ’ ಎಂದೇ ಬರೆದಿದ್ದೆ, ನಂಬು. ಓದಿ ನೋಡಿದರೆ ತಟ್ಟಲಿಲ್ಲ. ಬೇರೆ ಯಾರೋ ಮಾಡುವುದನ್ನು ದೂರದಿಂದ ಹೇಳಿದ ಹಾಗಿತ್ತು. ‘ನಾನು’ ಎಂದು ಬದಲಾಯಿಸಿದೆ. ಬರೆಯುವಾಗ, ನಾನು ಅಲ್ಲೇ ಇದ್ದೇನೆ ಎನ್ನಿಸಿತು. ನಿನಗೆ ಇದು ಅರ್ಥವಾಗಲಿಕ್ಕಿಲ್ಲ. ಎರಡು ವರ್ಷದಲ್ಲಿ ನಾನು ಅಪ್ಪನಿಗೆ ಅಷ್ಟು ಹತ್ತಿರ ಹೋದದ್ದು ಅವತ್ತು ಮಾತ್ರ.

ಬರುವುದು ಆಗುವುದಿಲ್ಲ. ರಜೆಯ ಪ್ರಶ್ನೆಯಲ್ಲ. ಆಸ್ಪತ್ರೆಯಲ್ಲಿ ಅಪ್ಪನ ಬಾಯಿ ಸೊಟ್ಟಗಾದದ್ದನ್ನು ನೋಡಿ ಓಡಿ ಬಂದವಳು ನಾನು. ಮತ್ತೆ ಆ ಕೋಣೆಗೆ ಕಾಲಿಡುವ ಶಕ್ತಿ ನನಗಿಲ್ಲ. ನಿನಗಿದೆ. ಎಲ್ಲರೂ ಒಂದೇ ಥರ ಇರುವುದಿಲ್ಲ.

ಒಂದು ಸಹಾಯ ಕೇಳುತ್ತೇನೆ, ಕೊನೆಯದು. ಚಿತ್ರಮಂದಿರದವರೇ ತಪ್ಪಾಗಿ ಎರಡು ಸಿನಿಮಾ ಕಲಸಿ ಓಡಿಸಿದರು, ಅವತ್ತು ನಾನು ಊರಿಗೆ ಹೋಗಿದ್ದಾಗ ಇಬ್ಬರೂ ಒಟ್ಟಿಗೆ ನೋಡಿದೆವು ಎಂದು ಸಂಪಾದಕರಿಗೆ ಹೇಳಿದ್ದೇನೆ. ಅವರು ವಿಚಾರಿಸಿ ನಿನಗೆ ಕಾಗದ ಬರೆಯಬಹುದು. ಹೌದು ಎಂದು ಒಂದು ಮಾತು ಬರೆದುಬಿಡು. ಅಂಕಣ ಉಳಿಯುತ್ತದೆ. ಇನ್ನು ಮುಂದೆ ನಿನ್ನ ಕಾಗದಗಳಿಗೆ ಕೆಳಗೆ ಎಲ್ಲಾದರೂ ಸಣ್ಣದಾಗಿ ‘ನೆರವು: ತಂಗಿ’ ಎಂದು ಹಾಕಲು ನೋಡುತ್ತೇನೆ.

ಅಪ್ಪ ಮಾತಾಡಿದರು ಎಂದು ಬರೆದೆಯಲ್ಲ, ಅಲ್ಲಿ ಮಾತ್ರ ನನಗೆ ಅಳು ಬಂತು.

ಅಕ್ಕ

—

ಜೂನ್ 23, ಭಾನುವಾರ

ಸಂಪಾದಕರಿಗೆ,

ನಮಸ್ಕಾರ. ನಾನು ನಿಮ್ಮ ‘ಸಾಮಾನ್ಯ ಪ್ರೇಕ್ಷಕಿ’ ಅಂಕಣ ಬರೆಯೋರ ತಂಗಿ. ನೀವು ನನಗೆ ಬರೆದ ಕಾಗದ ಗುರುವಾರ ಬಂತು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೋಳು, ನನಗೆ ನಿಮ್ಮ ಥರ ಬರೆಯೋಕೆ ಬರಲ್ಲ, ಮಾತಾಡೋ ಹಾಗೇ ಬರೀತಾ ಇದ್ದೀನಿ.

ನೀವು ಕೇಳಿದ್ದಕ್ಕೆ ಉತ್ತರ. ಚಿತ್ರಮಂದಿರದೋರು ಏನೂ ತಪ್ಪು ಮಾಡಿಲ್ಲ. ಬಾಗಿಲ ಮೇಲೆ ನಂಬರ್ ದೊಡ್ಡದಾಗೇ ಬರೆದಿದ್ದಾರೆ. ಇಂಟರ್ವಲ್ ಆದ ಮೇಲೆ ತಪ್ಪು ಹಾಲಿಗೆ ಹೋಗಿ ಕೂತಿದ್ದು ನಾನು. ಅಕ್ಕ ಅವತ್ತು ನನ್ನ ಜೊತೆ ಇರ್ಲಿಲ್ಲ. ಅವರು ಈ ಊರಿಗೆ ಬಂದು ಎರಡು ವರ್ಷ ಆಯ್ತು, ಅಪ್ಪ ಮಲಗಿದ ಮೇಲೆ ನಮ್ಮ ಮನೆಗಂತೂ ಬಂದೇ ಇಲ್ಲ.

ಸಿನಿಮಾ ಬಗ್ಗೆ ಅವರು ಬರೆದ ಮಿಕ್ಕ ವಿಷಯ ನೀವು ಕೇಳಿಲ್ಲ, ನಾನೂ ಹೇಳಲ್ಲ. ಅದು ಅಕ್ಕ ತಂಗಿ ಜಗಳ. ನನಗೆ ನಿಮ್ಮ ಪೇಪರಲ್ಲಿ ಹೆಸರು ಬೇಡ, ಫೋಟೋ ಬೇಡ. ಅಂಕಣ ಅವರಿಗೇ ಇರ್ಲಿ ಅಂದ್ರೂ ನನ್ನ ತಕರಾರಿಲ್ಲ, ತೆಗೀರಿ ಅಂದ್ರೂ ಇಲ್ಲ.

ನನಗೆ ಬೇಕಾಗಿರೋದು ಒಂದು ತಿದ್ದುಪಡಿ. ಏಪ್ರಿಲ್ 12ರ ಅಂಕಣದ ನಾಲ್ಕನೇ ಪ್ಯಾರಾ. ಅದು ಸಿನಿಮಾ ಬಗ್ಗೆ ಅಭಿಪ್ರಾಯ ಅಲ್ಲ. ಅಭಿಪ್ರಾಯ ಯಾರು ಯಾರದ್ದಾದ್ರೂ ತಗೋಬಹುದು. ಅದು ನಡೆದ ವಿಷಯ, ದಿನಾ ನಡೀತಾ ಇರೋ ವಿಷಯ, ಅಲ್ಲಿ ಹಾಕಿರೋ ಆಳು ತಪ್ಪು.

ನಮ್ಮಪ್ಪ ಮೂವತ್ತು ವರ್ಷ ಪ್ರೆಸ್ಸಲ್ಲಿ ಮೊಳೆ ಜೋಡಿಸಿದೋರು. ಅವರು ಹೇಳ್ತಾ ಇದ್ರು, ಅಚ್ಚಲ್ಲಿ ಆದ ತಪ್ಪನ್ನ ಬಾಯಲ್ಲಿ ತಿದ್ದೋಕಾಗಲ್ಲ, ಅದೇ ಪುಟ, ಅದೇ ಜಾಗ, ಅದೇ ಅಳತೆ ಅಕ್ಷರದಲ್ಲಿ ತಿದ್ದಬೇಕು ಅಂತ. ನಾನು ಬಾಯಲ್ಲಿ ಹೇಳಿ ನೋಡಿದೆ. ಅವರು ಹೇಳಿದ್ದೇ ಸರಿ, ಆಗ್ಲಿಲ್ಲ. ಅವರಿಗೆ ಈಗ ಕಾಯಿಲೆ ಇದೆ, ಒಂದೊಂದು ಸಲ ಯಾರು ಯಾರು ಅಂತ ಗೊತ್ತಾಗಲ್ಲ, ಆದ್ರೆ ಅಕ್ಷರ ಮರೆತಿಲ್ಲ. ಬೆರಳಿಟ್ಟು ಓದ್ತಾರೆ.

ನಿಮಗೆ ತೊಂದ್ರೆ ಆಗದಿರ್ಲಿ ಅಂತ ನಾನೇ ಬರೆದಿದ್ದೀನಿ. ಕಾಗುಣಿತನ ನಮ್ಮ ಲಾಂಡ್ರಿಯ ತಾತ ನೋಡಿದ್ದಾರೆ. ಹೀಗೆ ಹಾಕಿ:

‘ತಿದ್ದುಪಡಿ: ಏಪ್ರಿಲ್ 12ರ “ಸಾಮಾನ್ಯ ಪ್ರೇಕ್ಷಕಿ” ಅಂಕಣದಲ್ಲಿ, ಹಾಸಿಗೆ ಹಿಡಿದ ತಂದೆಯ ಮಗ್ಗುಲು ಬದಲಾಯಿಸುವವರು ಅಂಕಣಕಾರ್ತಿ ಎಂದು ಪ್ರಕಟವಾಗಿತ್ತು. ಆ ಕೆಲಸ ಮಾಡುತ್ತಿರುವುದು ಆ ತಂದೆಯ ಕಿರಿಯ ಮಗಳು.’

ಇಷ್ಟೇ. ಜಾಗ ಸಾಲದಿದ್ರೆ ಮೊದಲನೇ ಸಾಲು ಬಿಟ್ಟುಬಿಡಿ, ಎರಡನೇದು ಬೇಕು. ಯಾವ ಶುಕ್ರವಾರ ಹಾಕ್ತೀರ ಅಂತ ಮುಂಚೆ ಒಂದು ಕಾರ್ಡ್ ಹಾಕಿ. ಅವತ್ತು ನಾನು ಕೆಲಸಕ್ಕೆ ರಜ ಹಾಕ್ಬೇಕು. ನಾನು ಓದಿ ಹೇಳಲ್ಲ. ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ.

ಇಂತಿ,
ಕಿರಿಯ ಮಗಳು